ಎಡಗೈ ಹುರಿ

ಅಶ್ವಿತಾಳ ಕೋಣೆಯ ಕಿಟಕಿ ತೆರೆದರೆ ಕಡಲು. ಆದರೆ ಇಂಟರ್ನ್‌ಶಿಪ್ ಶುರುವಾದಂದಿನಿಂದ ಅವಳು ಆ ಕಿಟಕಿಯನ್ನು ಮುಚ್ಚಿ, ಅದರ ಮೇಲೆ ಅಜ್ಜಿಯ ಹಳೆಯ ಕಂಬಳಿಯನ್ನೂ ಇಳಿಬಿಟ್ಟಿದ್ದಳು. ಹೊರಗಿನ ಬೆಳಕು ಬಿದ್ದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಯಾವುದು, ಗುಲಾಬಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಡಲು ನೋಡುವುದಕ್ಕೆ ಕಡಲ ಕಡೆಯ ಕಿಟಕಿ ಮುಚ್ಚಿಕೊಂಡ ಹುಡುಗಿ ಎಂದು ಕೇರಿಯವರು ನಗೆಯಾಡಿದರು. ನಗುವುದಕ್ಕೆ ಆ ವರ್ಷ ಅವರಿಗೆ ಬೇರೆ ಕಾರಣಗಳೂ ಅಷ್ಟಾಗಿ ಇರಲಿಲ್ಲ.

ಗಂಗೊಳ್ಳಿ ಬಂದರಿನ ಉತ್ತರಕ್ಕೆ, ಮರಳಿನ ಗುಂಟ ನಿಂತ ಮನೆಗಳ ಸಾಲಿನಲ್ಲಿ ಅವಳದೂ ಒಂದು. ಅಪ್ಪಯ್ಯ ದಿನಕರ ಮೊಗವೀರ ಬೋಟಿನ ತಾಂಡೇಲ. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವನು ಅವನೇ. ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಸಾಕಿದವಳು ಅಪ್ಪಯ್ಯನ ತಾಯಿ, ಸಾಧಮ್ಮಜ್ಜಿ. ಅಜ್ಜಿ ಬಾಗಿಲ ಬುಡದಲ್ಲಿ ಕೂತು ಹರಿದ ಬಲೆಗೆ ತೇಪೆ ಹಾಕುತ್ತಿದ್ದಳು. ಅವಳದು ಎಡಗೈ. ನೀಲಿಯದೊಂದು, ಕಿತ್ತಳೆಯದೊಂದು ನೈಲಾನ್ ಎಳೆ ಸೇರಿಸಿ ತೊಡೆಯ ಮೇಲೆ ಹೊಸೆದರೆ ಹುರಿ ಎಲ್ಲರದಕ್ಕಿಂತ ಉಲ್ಟಾ ತಿರುಗುತ್ತಿತ್ತು. ಬಲಗೈಯವರು ಅದನ್ನು ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತಿತ್ತು. ಸಾಧಮ್ಮನ ತೇಪೆ ಸಾಧಮ್ಮನೇ ಬಿಚ್ಚಬೇಕು ಎಂದು ಬಂದರಿನಲ್ಲಿ ಮಾತಾಗಿತ್ತು. ಅಜ್ಜಿಗೆ ಆ ಮಾತು ಕೇಳಿದರೆ ಒಳಗೊಳಗೇ ಖುಷಿ.

ಕಡಲಿಗೆ ಉಸಿರು ಕಟ್ಟುವುದು ಎಂದರೇನು ಎಂಬುದು ಆ ಕೇರಿಯ ಮಕ್ಕಳಿಗೂ ಗೊತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ತಳದ ತಣ್ಣೀರು ಮೇಲೇರುತ್ತದೆ. ಅದರಲ್ಲಿ ಸಾರ ಹೆಚ್ಚು, ಆಮ್ಲಜನಕ ಕಡಿಮೆ. ಹಿಂದೆಲ್ಲ ಒಂದೆರಡು ತಿಂಗಳು ಹಾಗಿದ್ದು ತಾನಾಗಿ ಸರಿಹೋಗುತ್ತಿತ್ತು. ಕಡಲು ಬಿಸಿಯಾಗುತ್ತ ಬಂದಂತೆ ಅದು ಸರಿಹೋಗುವುದನ್ನೇ ಬಿಟ್ಟಿತು. ಓಡಬಲ್ಲ ಮೀನು ಓಡಿಹೋಯಿತು, ಓಡಲಾರದ್ದು ದಡಕ್ಕೆ ಬಂದು ಬಿತ್ತು. ಆಗ ಸರಕಾರ ಒಂದೊಂದು ಬಂದರಿನಾಚೆಯೂ ಕಡಲ ನಡುವೆ ಕಬ್ಬಿಣದ ಕಟ್ಟೆ ಕಟ್ಟಿಸಿ, ದಪ್ಪ ಪೈಪುಗಳಿಂದ ತಳಕ್ಕೆ ಗಾಳಿ ಊದಿಸತೊಡಗಿತು. ಕಡತದಲ್ಲಿ ಅದಕ್ಕೆ ಒಂದು ಉದ್ದದ ಹೆಸರಿತ್ತು. ಜನ ಅದನ್ನು ಗಾಳಿಮನೆ ಎಂದರು. ಹಗಲೂ ಇರುಳೂ ಗುಂಯ್ ಎನ್ನುವ ಅದರ ಸದ್ದು ದಡದವರೆಗೆ ಕೇಳುತ್ತಿತ್ತು. ಮೊದಮೊದಲು ಎಲ್ಲರೂ ಅದನ್ನು ಬೈದರು. ಆಮೇಲೆ ಆ ಸದ್ದಿಲ್ಲದಿದ್ದರೆ ಕೇರಿಯ ಎಳೆಗೂಸುಗಳಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಈ ವರ್ಷ ಕರೆಂಟು ಸಾಲದಾಯಿತು. ಕರಾವಳಿಯ ಗಾಳಿಮನೆಗಳಲ್ಲಿ ಅರ್ಧದಷ್ಟನ್ನು ಮಾತ್ರ ನಡೆಸಬಹುದು, ಉಳಿದವನ್ನು ನಿಲ್ಲಿಸಬೇಕು ಎಂದು ತೀರ್ಮಾನವಾಯಿತು. ಯಾವುದನ್ನು ನಿಲ್ಲಿಸುವುದು? ಎಲ್ಲ ಬಂದರಿನವರೂ ನಮ್ಮದನ್ನು ಬಿಡಿ ಎಂದರು. ಕಡೆಗೆ ಮೇಲಿನವರು ಒಂದು ನಿಯಮ ಮಾಡಿದರು. ಯಾವ ಕಡಲಲ್ಲಿ ಇನ್ನೂ ಜೀವ ಉಳಿದಿದೆಯೋ ಅದಕ್ಕೆ ಗಾಳಿ. ಸತ್ತ ಕಡಲಿಗೆ ಗಾಳಿ ಊದಿ ಫಲವೇನು? ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಜೀವ ಉಳಿದಿದೆ ಎಂದು ನೋಡಿ ಹೇಳುವವರು ಬೇಕಲ್ಲ.

ಮೀನನ್ನು ಎಣಿಸಿದರೆ ಪ್ರಯೋಜನವಿಲ್ಲ, ಅದು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಎಣಿಸಬೇಕಾದದ್ದು ಪ್ರಾಣಿಪ್ಲವಕಗಳನ್ನು. ಸಾಸಿವೆ ಕಾಳಿಗಿಂತ ಸಣ್ಣ ಈ ಜೀವಿಗಳು ನೀರು ಎಳೆದತ್ತ ತೇಲುತ್ತವೆ. ಬೂತಾಯಿ, ಬಂಗುಡೆ ಮೀನುಗಳೆಲ್ಲ ಬದುಕುವುದು ಇವನ್ನು ತಿಂದು. ಅವುಗಳಲ್ಲಿ ಹೆಚ್ಚಿನವು ಕೋಪೆಪಾಡ್ ಎಂಬ ಜಾತಿಯವು. ಒಂದೇ ಕಣ್ಣು, ಮೀಸೆಯ ಹಾಗೆ ಎರಡು ಉದ್ದ ಕುಡಿ, ದೋಣಿಯ ಹುಟ್ಟಿನಂಥ ಕಾಲುಗಳು. ಇವು ಸತ್ತರೆ ಕಡಲಲ್ಲಿ ಮತ್ತೇನೂ ಇರುವುದಿಲ್ಲ.

ಅದಕ್ಕೆಂದು ಒಂದೊಂದು ಗಾಳಿಮನೆಯ ಹತ್ತಿರವೂ ಒಂದು ಯಂತ್ರವನ್ನು ತೇಲಿಬಿಟ್ಟರು. ಅದು ಆಗಾಗ ಒಂದು ಗುಟುಕು ನೀರು ಎಳೆದುಕೊಂಡು, ಅದಕ್ಕೆ ಒಂದು ಬಣ್ಣ ಬೆರೆಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನ ಒಂದೊಂದು ಕಾಳಿನ ಚಿತ್ರವನ್ನೂ ಹಿಡಿದು ಉಪಗ್ರಹಕ್ಕೆ ಕಳಿಸುತ್ತಿತ್ತು. ಜೀವವಿದ್ದದ್ದು ಬಣ್ಣ ಹೀರಿ ಕೆಂಪಾಗುತ್ತದೆ, ಸತ್ತದ್ದು ಬಿಳಿಚಿಕೊಂಡೇ ಇರುತ್ತದೆ. ಕೆಂಪು, ಬಿಳಿ ಎರಡನ್ನೂ ಕಂಪ್ಯೂಟರೇ ಬೇರೆ ಮಾಡುತ್ತಿತ್ತು. ತೊಂದರೆ ಬಂದದ್ದು ಗುಲಾಬಿಯದರಿಂದ. ಉಸಿರು ಕಟ್ಟಿದ ಕಡಲಲ್ಲಿ ಅರೆಜೀವದವೇ ಹೆಚ್ಚು. ಅಂಥದ್ದು ಬಂದಾಗ ಕಂಪ್ಯೂಟರು ಕೈಚೆಲ್ಲಿ, ಚಿತ್ರವನ್ನು ಮನುಷ್ಯರಿಗೆ ಕಳಿಸುತ್ತಿತ್ತು. ಆ ಮನುಷ್ಯರು ಎಂದರೆ ಬಿ.ಎಸ್ಸಿ. ಕಡೆಯ ವರ್ಷದ ಹುಡುಗ ಹುಡುಗಿಯರು, ತಮ್ಮ ತಮ್ಮ ಮನೆಯ ಕೋಣೆಗಳಲ್ಲಿ ಕೂತ ಇಂಟರ್ನ್‌ಗಳು.

ಅಶ್ವಿತಾಳಿಗೆ ಅದು ಬಯಸಿ ಬಯಸಿ ಸಿಕ್ಕಿದ ಕೆಲಸ. ಆ ಕೇರಿಯ ಹೆಂಗಸರು ಬಲೆ ಹೆಣೆಯುತ್ತಾರೆ, ಮೀನು ಮಾರುತ್ತಾರೆ, ಬೋಟು ಮಾತ್ರ ಹತ್ತುವುದಿಲ್ಲ. ಯಾಕೆಂದು ಕೇಳಿದರೆ ಕೇಳಿದವಳನ್ನು ಸುಮ್ಮನೆ ಒಮ್ಮೆ ನೋಡುತ್ತಾರೆ, ಅಷ್ಟೆ. ಚಿಕ್ಕಂದಿನಲ್ಲಿ ಅವಳು ಅಪ್ಪಯ್ಯನ ಬೋಟು ಹತ್ತುತ್ತೇನೆಂದು ಹಟ ಹಿಡಿದು ಅತ್ತು ಪೆಟ್ಟು ತಿಂದಿದ್ದಳು. ಎಣಿಕೆ ನಡೆಸುವ ಸಂಶೋಧನಾ ಕೇಂದ್ರ ಸೇರಿದರೆ ಹಡಗಾದರೂ ಹತ್ತಬಹುದು ಎಂದುಕೊಂಡರೆ, ಕೇಂದ್ರದ ಹಡಗು ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಇಂಟರ್ನ್‌ಶಿಪ್ ಪೂರ್ತಿ ಮನೆಯಿಂದಲೇ. ಹೀಗೆ ಕಡಲ ದಡದಲ್ಲೇ ಹುಟ್ಟಿ ಬೆಳೆದ ಹುಡುಗಿ ದಡ ಬಿಟ್ಟು ಆಚೆಯ ಕಡಲನ್ನು ಮೊದಲು ಕಂಡದ್ದು ಲ್ಯಾಪ್‌ಟಾಪಿನಲ್ಲಿ.

"ಹೆಣೆ, ಅದ್ರಾಗೆ ದಿನಾ ಎಂತ ಕಾಣ್ತೆ? ಕಡ್ಲ್ ಹಿಂದೇ ಇತ್ತಲೆ, ಹೋಯಿ ಕಾಂಬುಕೆ ಆತಿಲ್ಯಾ?" ಎಂದು ಅಜ್ಜಿ ಮೊಮ್ಮಗಳನ್ನು ಕೇಳುತ್ತಿದ್ದಳು. ಅಶ್ವಿತಾ ಒಂದು ಕೋಪೆಪಾಡನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದಳು. ಅಜ್ಜಿ ಬಗ್ಗಿ ನೋಡಿ, ಚೆಟ್ಲಿಯ, ಎಂದರೆ ಸಿಗಡಿಯ, ಮರಿಯಾ ಎಂದಳು. ಅಲ್ಲ ಎಂದಾಗ, ಹಾಗಾದರೆ ತಿನ್ನಲಿಕ್ಕೆ ಆಗದ್ದು ಎಂದು ಅದರ ಮೇಲಿನ ಆಸಕ್ತಿಯನ್ನೇ ಬಿಟ್ಟಳು.

ಇಂಟರ್ನ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಡಾ. ಸಂಧ್ಯಾ ನರಗುಂದ. ಧಾರವಾಡದ ಕಡೆಯವರು, ಕೇಂದ್ರದ ಕಂಟ್ರೋಲ್ ರೂಮಿನಿಂದ ದಿನಕ್ಕೊಮ್ಮೆ ವಿಡಿಯೊದಲ್ಲಿ ಬರುತ್ತಿದ್ದರು. ಅವರ ಹಿಂದಿನ ಗೋಡೆಯ ಮೇಲೆ ಕರಾವಳಿಯ ನಕಾಶೆಯಿತ್ತು, ಆದರೆ ಕರೆ ಶುರುವಾಗುವ ಮೊದಲು ಅದಕ್ಕೆ ಬಟ್ಟೆ ಮುಚ್ಚಿರುತ್ತಿದ್ದರು. ಯಾವ ಚಿತ್ರ ಯಾವ ಕಡಲಿನದೆಂದು ಇಂಟರ್ನ್‌ಗಳಿಗೆ ಹೇಳುವಂತಿರಲಿಲ್ಲ. ಚಿತ್ರಗಳು ಒಂದನೇ ಪೆಟ್ಟಿಗೆ, ಎರಡನೇ ಪೆಟ್ಟಿಗೆ ಎಂದು ಬರೀ ಸಂಖ್ಯೆಯಲ್ಲಿ ಬರುತ್ತಿದ್ದವು.

"ಯಾವ ಕಡಲು ಅಂತ ಕೇಳಬ್ಯಾಡ್ರಿ," ಎಂದಿದ್ದರು ಅವರು ಮೊದಲ ದಿನವೇ. "ನಿಮ್ಮೊಳಗ ಅರ್ಧ ಮಂದಿ ದಂಡಿ ಮ್ಯಾಲಿನವರ ಇದ್ದೀರಿ. ಗೊತ್ತಾದ್ರ ಕೈ ನಡಗತಾವ."

ಇನ್ನೊಂದು ಕಾವಲೂ ಇತ್ತು. ಒಬ್ಬೊಬ್ಬ ಇಂಟರ್ನ್ ಗುಲಾಬಿ ಚಿತ್ರಗಳಲ್ಲಿ ಎಷ್ಟನ್ನು ಜೀವವಿದೆ ಎನ್ನುತ್ತಾನೆ, ಎಷ್ಟನ್ನು ಇಲ್ಲ ಎನ್ನುತ್ತಾನೆ ಎಂಬುದನ್ನು ಕಂಪ್ಯೂಟರು ನೋಡುತ್ತಲೇ ಇರುತ್ತಿತ್ತು. ಒಬ್ಬರ ತಕ್ಕಡಿ ಒಂದೇ ಕಡೆಗೆ ವಾಲಿದರೆ ಅವರ ಪೆಟ್ಟಿಗೆಗಳು ಬೇರೆಯವರ ಪಾಲಿಗೆ ಹೋಗುತ್ತಿದ್ದವು. ಇಂಟರ್ನ್‌ಗಳು ಅದಕ್ಕೆ ದಯೆಯ ಮೀಟರು ಎಂದು ಹೆಸರಿಟ್ಟಿದ್ದರು. ಅಶ್ವಿತಾಳ ಮೀಟರಿನ ಮುಳ್ಳು ಯಾವಾಗಲೂ ನಟ್ಟ ನಡುವೆ. ಅವಳ ಕಣ್ಣು ಅಷ್ಟು ಖಚಿತ. ಒಂದು ದಿನ ನರಗುಂದ ಮೇಡಂ ಅವಳನ್ನು ಬೇರೆಯಾಗಿ ಕರೆದು, ಮೂರು ಪೆಟ್ಟಿಗೆಗಳಲ್ಲಿ ಇನ್ನು ಅವಳ ಮಾತೇ ಕೊನೆಯ ಮಾತು, ಅದರ ಮೇಲೆ ಬೇರೆ ಯಾರೂ ತಿದ್ದುವುದಿಲ್ಲ ಎಂದರು. ಮೂರನೆಯದು, ಐದನೆಯದು, ಏಳನೆಯದು. ಆ ದಿನ ಅವಳು ಊಟಕ್ಕೆ ಎದ್ದು ಬಂದಾಗ ಅವಳ ಮುಖ ನೋಡಿ ಅಜ್ಜಿ, ಗಂಡು ಗೊತ್ತಾಯಿತಾ ಎಂದು ಕೇಳಿದ್ದಳು.

ಮನೆಯಲ್ಲಿ ಹಿಗ್ಗಿದ್ದು ಅಷ್ಟೇ. ಅಪ್ಪಯ್ಯನ ಬೋಟು ಬಂದರಿನ ದಕ್ಕೆಯಲ್ಲೇ ಕಟ್ಟಿ ನಿಂತಿತ್ತು. ಮಳೆಗಾಲದ ನಿಷೇಧ ಮುಗಿದು ಕಡಲು ತೆರೆದ ಮೊದಲ ವಾರಗಳಲ್ಲಿ ನಾಲ್ಕು ಸಲ ಹೋಗಿ ಬಂದದ್ದೇ ಬಂದದ್ದು. ಕಡೆಯ ಸಲ ಬಲೆ ಗಾಳಿಮನೆಯ ಪೈಪಿಗೆ ಸಿಕ್ಕಿ ಅರ್ಧಕ್ಕರ್ಧ ಹರಿದು ನೀರುಪಾಲಾಯಿತು. ಅಜ್ಜಿಯ ಎಷ್ಟೋ ವರ್ಷದ ತೇಪೆಗಳೆಲ್ಲ ಅದರೊಂದಿಗೆ ಹೋದವು. ಅಪ್ಪಯ್ಯ ಮಾತು ಕಡಿಮೆ ಮಾಡಿದ. ಬೆಳಿಗ್ಗೆ ದಕ್ಕೆಗೆ ಹೋಗಿ ಬೋಟಿನಲ್ಲಿ ಸುಮ್ಮನೆ ಕೂತು ಮಧ್ಯಾಹ್ನಕ್ಕೆ ಬರುತ್ತಿದ್ದ. ಗಾಳಿಮನೆ ನಿಂತರೆ ಬೋಟನ್ನು ಗುಜರಿಗೆ ಕೊಡುವುದು, ತಾನು ಎಲ್ಲಿಗಾದರೂ ಕಾವಲುಗಾರನಾಗಿ ಹೋಗುವುದು ಎಂದು ಅವನು ನಿರ್ಧರಿಸಿಬಿಟ್ಟಿದ್ದ. ಕೇರಿಯ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ತೀರ್ಮಾನ.

"ನೀನ್ ಅದ್ರಾಗೇ ಇಪ್ದಲ್ದಾ ಮಗಾ," ಎಂದ ಒಂದು ದಿನ ಉಣ್ಣುತ್ತ. "ನಮ್ಮ್ ಕಡ್ಲಿಗೆ ಜೀವ ಇತ್ತಾ, ಇಲ್ಯಾ?"

ತನಗೆ ಯಾವುದು ಯಾವ ಕಡಲೆಂದು ಗೊತ್ತಿಲ್ಲ ಎಂದಳು ಅವಳು. ಅದು ಸತ್ಯವೇ ಆಗಿತ್ತು. ಅಪ್ಪಯ್ಯ ತಲೆಯಾಡಿಸಿ ಕೈ ತೊಳೆದ. ಹೇಳಬಾರದೆಂದು ಮಗಳು ಗೊತ್ತಿದ್ದೂ ಹೇಳುತ್ತಿಲ್ಲ ಎಂದು ಅವನು ತಿಳಿದುಕೊಂಡನೆಂದು ಅವಳಿಗೆ ಅನ್ನಿಸಿತು. ಅದರಿಂದ ಅವಳಿಗೆ ಬಹಳ ನೋವಾಯಿತು.

ನವರಾತ್ರಿಯ ವಾರದಲ್ಲಿ ಏಳನೇ ಪೆಟ್ಟಿಗೆಯಲ್ಲಿ ಆ ಚಿತ್ರ ಬಂತು.

ಗುಲಾಬಿಯೋ ಬಿಳಿಯೋ ತಿಳಿಯದ ಒಂದು ಕೋಪೆಪಾಡ್, ಅದರ ಪಕ್ಕದಲ್ಲಿ ಒಂದು ತುಂಡು ಹುರಿ. ನೂಲಿನ ಚೂರುಗಳು ಚಿತ್ರಗಳಲ್ಲಿ ಬರುವುದು ಹೊಸದಲ್ಲ, ಕಡಲ ತುಂಬ ಅವೇ. ಆದರೆ ಇದರಲ್ಲಿ ಎರಡು ಎಳೆ, ಒಂದು ನೀಲಿ, ಒಂದು ಕಿತ್ತಳೆ. ಅಶ್ವಿತಾ ದೊಡ್ಡದು ಮಾಡಿದಳು. ತಿರುವು ಉಲ್ಟಾ ಇತ್ತು. ಬಾಗಿಲ ಬುಡದಲ್ಲಿದ್ದ ಅಜ್ಜಿಯ ಬುಟ್ಟಿಯಿಂದ ಒಂದು ತುಂಡು ತಂದು ಪರದೆಗೆ ಹಿಡಿದು ನೋಡಿದಳು. ಅದೇ ನೀಲಿ, ಅದೇ ಕಿತ್ತಳೆ, ಅದೇ ಎಡಗೈ.

ಅಜ್ಜಿಯನ್ನು ಕರೆದಳು. ಕೋಪೆಪಾಡಿನಲ್ಲಿ ಆಸಕ್ತಿ ಇಲ್ಲದ ಅಜ್ಜಿ ಇದನ್ನು ಮಾತ್ರ ತುಂಬ ಹೊತ್ತು ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಪರದೆಯನ್ನು ಮೆಲ್ಲಗೆ ಮುಟ್ಟಿದಳು.

"ನಂದೇ," ಎಂದಳು. "ಅಷ್ಟ್ ದೊಡ್ಡ ಕಡ್ಲಾಗೆ ನನ್ನ್ ಹುರಿ ಹ್ಯಾಂಗ್ ಸಿಕ್ತ್ ಹೆಣೆ ಅವ್ರಿಗೆ?"

ಯಾರಿಗೂ ಹೇಳಬಾರದು ಎಂದು ಅಶ್ವಿತಾ ಅಜ್ಜಿಯಿಂದ ಮಾತು ತೆಗೆದುಕೊಂಡಳು. ಈ ಹುರಿ ಇರುವ ಕಡಲಿಗೆ ಗಾಳಿ ಬರುತ್ತದೆ, ನೀನು ನೋಡುತ್ತಿರು ಎಂದೂ ಹೇಳಿದಳು. ಆ ಮಾತು ಹೇಳುವವರೆಗೆ ತಾನು ಏನು ಮಾಡಲಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹೇಳಿ ಮುಗಿಸಿದಾಗ ಗೊತ್ತಾಗಿತ್ತು.

ಏಳನೇ ಪೆಟ್ಟಿಗೆ ಕೆಟ್ಟ ಪೆಟ್ಟಿಗೆ. ಅಲ್ಲಿಂದ ಬರುವ ಗುಲಾಬಿಯೂ ಗುಲಾಬಿಯಲ್ಲ, ಬಿಳಿಗೆ ಗುಲಾಬಿಯ ನೆನಪಿದ್ದ ಹಾಗೆ. ಮೊದಲಿನ ಅಶ್ವಿತಾ ಆಗಿದ್ದರೆ ಅರೆಕ್ಷಣ ನೋಡಿ 'ಇಲ್ಲ' ಎಂದು ಒತ್ತಿ ಮುಂದೆ ಹೋಗುತ್ತಿದ್ದಳು. ಈಗ 'ಇದೆ' ಎಂದು ಒತ್ತತೊಡಗಿದಳು. ಮೊದಲ ಒಂದೆರಡಕ್ಕೆ ಕೈ ತಡೆಯಿತು. ಆಮೇಲೆ ಕೈಗೆ ರೂಢಿಯಾಯಿತು. ಕಣ್ಣೂ ಕೈಯ ಮಾತು ಕೇಳಿ, ಸತ್ತದ್ದರಲ್ಲೆಲ್ಲ ಒಂದಿಷ್ಟು ಕೆಂಪು ಕಾಣತೊಡಗಿತು. ಅಷ್ಟರಲ್ಲಿ ದಯೆಯ ಮೀಟರಿನ ಮುಳ್ಳು ನಡುವಿನಿಂದ ಸರಿಯಿತು. ಇನ್ನೂ ಸರಿದರೆ ಪೆಟ್ಟಿಗೆ ಕೈತಪ್ಪುತ್ತದೆ. ಹಾಗಾಗಿ ಏಳನೆಯದಕ್ಕೆ ಕೊಟ್ಟ ಜೀವವನ್ನು ಬೇರೆಲ್ಲಿಂದಾದರೂ ತೆಗೆಯಲೇಬೇಕಾಯಿತು.

ಐದನೆಯದರಲ್ಲಿ ಗುಲಾಬಿ ಬರುತ್ತಿದ್ದದ್ದೇ ಕಡಿಮೆ. ಮೂರನೆಯದರಲ್ಲಿ ತುಂಬ ಬರುತ್ತಿತ್ತು. ಗಟ್ಟಿ ಗುಲಾಬಿ, ಕೆಂಪಿಗೆ ಹತ್ತಿರದ್ದು. ಯಾರದೋ ಕಡಲು. ಅಲ್ಲಿಯೂ ಒಂದು ಕೇರಿ ಇರುತ್ತದೆ, ದಕ್ಕೆಯಲ್ಲಿ ಯಾರೋ ಸುಮ್ಮನೆ ಕೂತಿರುತ್ತಾರೆ ಎಂದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದಾಗಲೆಲ್ಲ ಅಪ್ಪಯ್ಯ ಕೈ ತೊಳೆದ ರೀತಿ ನೆನಪು ಮಾಡಿಕೊಂಡು 'ಇಲ್ಲ' ಎಂದು ಒತ್ತಿದಳು. ಏಳನೆಯದಕ್ಕೊಂದು 'ಇದೆ', ಮೂರನೆಯದಕ್ಕೊಂದು 'ಇಲ್ಲ'. ಮುಳ್ಳು ನಡುವಿಗೆ ಬಂದು ನಿಂತಿತು.

ಒಂದು ಚಿತ್ರದಲ್ಲಿ ಮಾತ್ರ ಅವಳು ತಡವರಿಸಿದಳು. ಮೂರನೇ ಪೆಟ್ಟಿಗೆಯ ಹೆಣ್ಣು ಕೋಪೆಪಾಡ್, ಬಾಲದ ಎರಡು ಕಡೆಗೂ ಜೋಳಿಗೆಯ ಹಾಗೆ ಮೊಟ್ಟೆ ಹೊತ್ತಿತ್ತು. ತಾಯಿಯ ಮೈ ತೆಳು ಗುಲಾಬಿ, ಮೊಟ್ಟೆಗಳು ಮಾತ್ರ ಒಂದೊಂದೂ ಕೆಂಪು. ಇಂಥದ್ದನ್ನು ನೋಡಲಿಕ್ಕೇ ತಾನು ಈ ವಿಷಯ ಓದಿದ್ದು ಎಂದು ಅವಳಿಗೆ ಅನ್ನಿಸಿತು. ಅಳು ಬಂತು. ಅಂದು ಏಳನೆಯದಕ್ಕೆ ಬಹಳ 'ಇದೆ' ಒತ್ತಿದ್ದಳು, ಮುಳ್ಳು ಅಂಚಿಗೆ ಬಂದಿತ್ತು. ಕಣ್ಣೊರೆಸಿಕೊಂಡು 'ಇಲ್ಲ' ಒತ್ತಿದಳು.

ಫಲಿತಾಂಶವನ್ನು ವಿಡಿಯೊದಲ್ಲಿ ಹೇಳಿದರು. ನರಗುಂದ ಮೇಡಂ ದಣಿದಂತೆ ಕಾಣುತ್ತಿದ್ದರು. ಎಣಿಕೆ ಮುಗಿಯಿತು, ಇನ್ನು ಮುಚ್ಚಿಡುವುದೇನಿಲ್ಲ ಎಂದು ನಕಾಶೆಯ ಬಟ್ಟೆ ತೆಗೆದರು. ಯಾವ ಪೆಟ್ಟಿಗೆ ಯಾವ ಕಡಲಿನದು, ಯಾವ ಗಾಳಿಮನೆ ಉಳಿಯಿತು, ಯಾವುದು ನಿಲ್ಲುತ್ತದೆ ಎಂದು ಬಡಗಿನಿಂದ ಒಂದೊಂದನ್ನೇ ಬೆರಳಿಟ್ಟು ಹೇಳುತ್ತ ಬಂದರು. ಅಶ್ವಿತಾ ಏಳು ಎಂಬ ಅಂಕಿಗಾಗಿ ಕಾದಿದ್ದಳು. ಗಂಗೊಳ್ಳಿಯ ಮೇಲೆ ಬೆರಳು ಬಂತು. ಮೇಡಂ ಮೂರು ಎಂದರು. ನಿಲ್ಲುತ್ತದೆ ಎಂದರು.

ಏಳು ಎಂದಾಗ ಅವರ ಬೆರಳು ಎಷ್ಟೋ ಕೆಳಗೆ ಇತ್ತು, ತೆಂಕಿನಲ್ಲಿ, ಉಳ್ಳಾಲದಾಚೆಯ ಕಡಲಿನ ಮೇಲೆ. ಅದು ಉಳಿಯಿತು.

ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ನಮ್ಮ ಕರಾವಳಿಯ ನೀರು ಬಡಗಿನಿಂದ ತೆಂಕಿಗೆ ಹರಿಯುತ್ತದೆ, ದೀಪಾವಳಿ ಕಳೆದ ಮೇಲಷ್ಟೇ ತಿರುಗುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಬಾಣದ ಗುರುತು ಹಾಕಿ ಚಿತ್ರ ಸಮೇತ ಉತ್ತರ ಬರೆದವಳು. ಗಾಳಿಮನೆಯ ಪೈಪಿಗೆ ಸಿಕ್ಕಿ ಹರಿದ ಬಲೆ ಅಲ್ಲೇ ಕೂತಿರುತ್ತದೆಯೇ? ಚೂರುಚೂರಾಗಿ, ಅಜ್ಜಿಯ ಹುರಿಯ ಸಮೇತ, ವಾರಗಟ್ಟಲೆ ತೆಂಕಿಗೆ ತೇಲಿತ್ತು. ಪ್ಲವಕ ಎಂದರೆ ನೀರು ಎಳೆದತ್ತ ತೇಲುವುದು ಎಂದು ಮೊದಲ ಪಾಠದಲ್ಲೇ ಕಲಿತ ಹುಡುಗಿ, ಅಜ್ಜಿಯ ಹುರಿ ಕಂಡ ಕೂಡಲೇ ಅದು ಮನೆ ಬಾಗಿಲಲ್ಲೇ ಇದೆ ಎಂದು ನಂಬಿಬಿಟ್ಟಳು. ಪೆಟ್ಟಿಗೆಗೆ ಸಂಖ್ಯೆ ಕೊಟ್ಟವರು ಇಂಥ ಗುರುತೊಂದು ಇರಬಹುದೆಂದು ಎಣಿಸಿರಲಿಕ್ಕಿಲ್ಲ, ಪಾಪ. ಅವಳ ಮನೆಯಲ್ಲಲ್ಲದೆ ಇನ್ನಾರ ಮನೆಯಲ್ಲೂ ಅದು ಗುರುತೇ ಅಲ್ಲ.

ಕರೆ ಇನ್ನೂ ನಡೆಯುತ್ತಿತ್ತು. ಯಾರೋ ಅಳುತ್ತಿದ್ದರು, ಯಾರೋ ಧನ್ಯವಾದ ಹೇಳುತ್ತಿದ್ದರು. ಅಶ್ವಿತಾ ಕಂಬಳಿ ಸರಿಸಿ ಕಿಟಕಿ ತೆಗೆದಳು. ಗುಂಯ್ ಎನ್ನುವ ಸದ್ದು ಕೇಳುತ್ತಲೇ ಇತ್ತು. ಸಂಜೆ ಹೊತ್ತಿಗೆ ಅದು ಎರಡು ಸಲ ಗಂಟಲು ಕಟ್ಟಿದಂತೆ ಮಾಡಿ ನಿಂತಿತು. ಕೇರಿಯವರೆಲ್ಲ ಮನೆಗಳಿಂದ ಹೊರಗೆ ಬಂದರು. ಎರಡು ಮನೆ ಆಚೆ ಒಂದು ಮಗು ರಚ್ಚೆ ಹಿಡಿಯಿತು, ಏನು ಮಾಡಿದರೂ ಸುಮ್ಮನಾಗಲಿಲ್ಲ.

ಮರುದಿನವಿಡೀ ಅವಳು ಹಾಸಿಗೆ ಬಿಟ್ಟೇಳಲಿಲ್ಲ. ಅದರ ಮರುದಿನ ನರಗುಂದ ಮೇಡಂಗೆ ತಾನೇ ಕರೆ ಮಾಡಿ, ಹುರಿ ಕಂಡದ್ದು, ಏಳಕ್ಕೆ ಕೊಟ್ಟದ್ದು, ಮೂರರಿಂದ ಕಿತ್ತುಕೊಂಡದ್ದು, ಒಂದನ್ನೂ ಬಿಡದೆ ಹೇಳಿದಳು. ತನಗೆ ಯಾವ ಶಿಕ್ಷೆ ಬೇಕಾದರೂ ಕೊಡಿ, ಮೂರನೆಯದನ್ನು ಮತ್ತೊಮ್ಮೆ ಎಣಿಸಿ ಗಾಳಿ ಬಿಡಿಸಿ ಎಂದು ಬೇಡಿದಳು. ಕಂಟ್ರೋಲ್ ರೂಮಿನಲ್ಲಿ ಅವರೊಬ್ಬರೇ ಇದ್ದರು. ಬಹಳ ಹೊತ್ತು ಕೀಲಿಗಳನ್ನು ಒತ್ತುತ್ತ ಏನೇನೋ ತೆರೆದು ನೋಡಿದರು. ಅವಳು ಅವರ ಮುಖವನ್ನೇ ನೋಡುತ್ತ ಕೂತಳು. ಬೈದರೆ ಸಾಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಬೈಗುಳದ ಹಿಂದೆ ಒಂದು ದಾರಿಯಾದರೂ ಇರುತ್ತದೆ.

"ಮೂರನೇದರ ನಿನ್ನಿನ ನೀರು ನೋಡಿದೆ," ಎಂದರು ಕಡೆಗೆ. "ಗಾಳಿ ನಿಂತ ಮ್ಯಾಲೆ ತಳದ ನೀರು ಒಮ್ಮೆಲೆ ಮ್ಯಾಲೆ ಬಂದದ. ಅರ್ಧಕ್ಕಿಂತ ಜಾಸ್ತಿ ಹೋಗ್ಯಾವ. ನೀ ಕೊಟ್ಟ ಲೆಕ್ಕ ಅವತ್ತು ತಪ್ಪಿತ್ತು, ಅಶ್ವಿತಾ. ಇವತ್ತು ಅದು ಖರೆ ಆಗೇದ. ಈಗ ನಾ ಮತ್ತ ಎಣಿಸ್ರಿ ಅಂದ್ರ, ಆ ಎಣಿಕಿನೂ ನಿಂದಕ್ಕ ಕೂಡತದ."

ಅವಳು ಏಳನೆಯದರ ಬಗ್ಗೆ ಕೇಳಿದಳು.

"ಅಲ್ಲಿ ಊದಾಕ ಹತ್ತೀವಿ," ಎಂದರು ಅವರು. "ಉಸಿರಾಡೋರು ಯಾರೂ ಇಲ್ಲ."

ನಿಂತ ಗಾಳಿಮನೆಯ ಪೈಪುಗಳಿಗೆ ಆಗಲೇ ಉಪ್ಪುನೀರು ತುಂಬಿದೆ, ಅದನ್ನು ಮತ್ತೆ ನಡೆಸಬೇಕಾದರೆ ಮುಂದಿನ ವರ್ಷವೇ, ಅದೂ ಕರೆಂಟು ಸಿಕ್ಕರೆ ಎಂದು ಅವರು ವಿವರಿಸಿದರು. ಅವಳ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ, ಬರೆದರೆ ಕೊನೆಯ ಮಾತಿನ ಅಧಿಕಾರ ಒಬ್ಬ ವಿದ್ಯಾರ್ಥಿನಿಗೆ ಕೊಟ್ಟವರ ಹೆಸರನ್ನೂ ಬರೆಯಬೇಕಾಗುತ್ತದೆ ಎಂದೂ ಹೇಳಿದರು. ಹೇಳುವಾಗ ಅವರು ಪರದೆಯನ್ನು ನೋಡಲಿಲ್ಲ. ಇನ್ನೊಂದು ಮಾತು. ಇಂಟರ್ನ್‌ಶಿಪ್ ಅವಧಿ ಮುಗಿದಿಲ್ಲ. ನೀರಿನಲ್ಲಿರುವ ಯಂತ್ರವನ್ನು ಎತ್ತುವವರೆಗೆ ಮೂರನೇ ಪೆಟ್ಟಿಗೆಗೆ ಚಿತ್ರಗಳು ಬರುತ್ತಲೇ ಇರುತ್ತವೆ. ಕಂಪ್ಯೂಟರಿನ ವಿಂಗಡಣೆ ನಿಲ್ಲಿಸಿಯಾಗಿದೆ, ಎಲ್ಲವೂ ನೇರ ಅವಳಿಗೇ ಬರುತ್ತವೆ. ಕಡಲೊಂದು ಸಾಯುವುದನ್ನು ಹೀಗೆ ಮೊದಲಿನಿಂದ ಕೊನೆಯವರೆಗೆ ಯಾರೂ ಎಣಿಸಿಲ್ಲ, ವಿಜ್ಞಾನಕ್ಕಾದರೂ ಆಗಲಿ, ಬೇಕಾದರೆ ಮಾಡು, ಬೇಡವಾದರೆ ಬಿಡು ಎಂದರು.

ಅವಳು ಮಾಡಿದಳು. ಬೇರೆ ಏನು ಮಾಡಬಹುದೆಂದು ಅವಳಿಗೆ ತೋಚಲಿಲ್ಲ. ಮೊದಲು ಕೆಂಪು ಕಡಿಮೆಯಾಗಿ ಗುಲಾಬಿ ಹೆಚ್ಚಾಯಿತು, ಆಮೇಲೆ ಗುಲಾಬಿಯೂ ತೆಳುವಾಗುತ್ತ ಬಂತು. ಪ್ರತಿಯೊಂದನ್ನೂ ಮೊದಲಿನ ಹಾಗೆ ಅಚ್ಚುಕಟ್ಟಾಗಿ, ಪಕ್ಷಪಾತವಿಲ್ಲದೆ ನೋಡಿದಳು. ಬೆಳಿಗ್ಗೆ ದಡಕ್ಕೆ ಹೋದರೆ ನಾಲಿಗೆ ಮೀನು, ಏಡಿ, ಹೆಸರು ಗೊತ್ತಿಲ್ಲದ ತಳದ ಮೀನುಗಳು ಮರಳಿನ ಮೇಲೆ ಬಾಯಿ ತೆರೆದು ಬಿದ್ದಿರುತ್ತಿದ್ದವು. ಮೊದಲ ದಿನ ಅವನ್ನು ಹೆಕ್ಕಲು ಜನ ಬುಟ್ಟಿ ತಂದರು, ಮೂರನೆಯ ದಿನಕ್ಕೆ ಮೂಗು ಮುಚ್ಚಿಕೊಂಡು ಮನೆಯೊಳಗೆ ಕೂತರು. ಅಪ್ಪಯ್ಯ ಬೋಟಿನ ಇಂಜಿನು ಬಿಚ್ಚಿಸಿ ಮಾರಿದ. ಸೂರತ್ತಿನ ಯಾವುದೋ ಗೋದಾಮಿನಲ್ಲಿ ಕಾವಲಿನ ಕೆಲಸ ಗೊತ್ತಾಗಿತ್ತು. ಹೊರಡುವ ದಿನ ಮಗಳ ತಲೆಯ ಮೇಲೆ ಕೈಯಿಟ್ಟು, ನೀನು ಓದಿದ್ದು ಒಳ್ಳೆಯದಾಯಿತು, ಕಡಲನ್ನು ನಂಬದೆ ಬದುಕಬಹುದು ಎಂದ. ಅವನ ಕೈ ಇನ್ನೂ ತಲೆಯ ಮೇಲಿದ್ದಾಗಲೇ ಎಲ್ಲವನ್ನೂ ಹೇಳಿಬಿಡಬೇಕು ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಆಟೊ ಬಂತು.

ಅಜ್ಜಿಗೆ ಹೇಳಬೇಕಾಗಿ ಬಂದದ್ದು ಒಂದು ಮಧ್ಯಾಹ್ನ. ಕೋಣೆಯ ಕಂಬಳಿ ತೆಗೆದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆಂದು ಅಜ್ಜಿ ಈಗ ಅಲ್ಲೇ, ಅವಳ ಕಾಲ ಬಳಿ ಕೂತು ಹುರಿ ಹೊಸೆಯುತ್ತಿದ್ದಳು. ತೇಪೆ ಹಾಕಲು ಬಲೆಯಿರಲಿಲ್ಲ, ಬಲೆ ಬಿಡಲು ಬೋಟಿರಲಿಲ್ಲ. ಆದರೂ ಹೊಸೆಯುತ್ತಿದ್ದಳು, ಕೈ ಸುಮ್ಮನಿರಬೇಕಲ್ಲ.

"ನನ್ನ್ ಹುರಿ ಇದ್ದ್ ಕಡ್ಲಿಗೆ ಗಾಳಿ ಬತ್ತ್ ಅಂದಿದ್ದೆ ಅಲ್ದಾ ನೀನ್?" ಎಂದಳು ತಲೆಯೆತ್ತದೆ.

"ಬಂತ್ ಅಜ್ಜಿ."

"ಮತ್ತ್ ನಮ್ಮದ್ ಎಂತಕ್ಕೆ ನಿಂತದ್?"

"ಹುರಿ ತೇಲ್ಕಂಡ್ ಹೋಯಿತ್ತ್. ತೆಂಕಿಗೆ," ಎಂದಳು ಅಶ್ವಿತಾ. "ಅದ್ ಇಲ್ಲೇ ಇತ್ತ್ ಅಂದ್ಕಂಡ್ ಅಲ್ಲಿಗ್ ಕೊಟ್ಟೆ. ಇಲ್ಲಿದ್ದ್ ತೆಗ್ದ್ ಕೊಟ್ಟೆ ಅಜ್ಜಿ. ನಮ್ಮದನ್ನ್ ನಿಲ್ಸಿದ್ದ್ ನಾನೇ."

ಅಜ್ಜಿಗೆ ಎಷ್ಟು ತಿಳಿಯಿತೋ ಗೊತ್ತಾಗಲಿಲ್ಲ. ತೊಡೆಯ ಮೇಲಿನ ಕೈ ಅರ್ಧ ತಿರುವಿನಲ್ಲಿ ನಿಂತಿತು. ಹೊಸೆದದ್ದನ್ನು ಅರ್ಧಕ್ಕೆ ಬಿಡುವವಳಲ್ಲ ಸಾಧಮ್ಮ. ಬಿಟ್ಟರೆ ತಿರುವೆಲ್ಲ ಬಿಚ್ಚಿಹೋಗುತ್ತದೆ. ಅವಳು ಬಿಟ್ಟಳು. ನೀಲಿ ಎಳೆ ಒಂದು ಕಡೆಗೆ, ಕಿತ್ತಳೆ ಎಳೆ ಒಂದು ಕಡೆಗೆ ಬಿಚ್ಚಿಕೊಳ್ಳುವುದನ್ನು ಇಬ್ಬರೂ ನೋಡಿದರು. ಆಮೇಲೆ ಅಜ್ಜಿ ಎರಡನ್ನೂ ಸುತ್ತಿ ಬುಟ್ಟಿಯೊಳಗೆ ಹಾಕಿ, ಬುಟ್ಟಿಯನ್ನು ಮಂಚದ ಅಡಿಗೆ ತಳ್ಳಿದಳು. ಮೊಮ್ಮಗಳ ಮೊಣಕಾಲಿನ ಮೇಲೆ ಎಡಗೈಯನ್ನು ಇಟ್ಟು ಹಾಗೇ ಕೂತಳು. ಅಶ್ವಿತಾಳಿಗೆ ಆ ಕೈಯ ಭಾರವನ್ನು ತಡೆದುಕೊಳ್ಳಲು ಆಗಲಿಲ್ಲ, ತೆಗೆ ಎನ್ನಲೂ ಆಗಲಿಲ್ಲ.

ಪರದೆಯ ಮೇಲೆ ಹೊಸ ಚಿತ್ರ ಬಂದಿತ್ತು. ಅದಕ್ಕಿಂತ ಹಿಂದಿನ ಎಲ್ಲವೂ ಬಿಳಿ. ಇದು ಹೆಣ್ಣು, ಬಾಲದ ಎರಡು ಕಡೆಗೂ ಮೊಟ್ಟೆಯ ಜೋಳಿಗೆ. ತಾಯಿಯ ಮೈಯಲ್ಲಿ ಬಣ್ಣದ ಸುಳಿವೇ ಇಲ್ಲ. ಒಂದು ಜೋಳಿಗೆಯೂ ಬಿಳಿ. ಇನ್ನೊಂದರಲ್ಲಿ, ತುದಿಯ ಒಂದೇ ಒಂದು ಮೊಟ್ಟೆ ಕೆಂಪಗಿತ್ತು.

"ಅದೆಂತ ಹೆಣೆ, ಚುಕ್ಕಿ?" ಎಂದಳು ಅಜ್ಜಿ.

ಅಶ್ವಿತಾ 'ಇದೆ' ಎಂದು ಒತ್ತಿದಳು. ಈ ಪೆಟ್ಟಿಗೆಯ ಎಣಿಕೆ ಮುಗಿದಿದೆ, ಯಂತ್ರವನ್ನು ನೀರಿನಿಂದ ಎತ್ತಲಾಗಿದೆ ಎಂದು ಪರದೆಯ ಮೇಲೆ ಒಂದು ಸಾಲು ಬಂತು. ಅವಳು ಇನ್ನೊಮ್ಮೆ ಒತ್ತಿದಳು. ಅದೇ ಸಾಲು ಮತ್ತೆ ಬಂತು.